ತೆರಿಗೆ ಇಳಿಯುವ ಮುನ್ನ

ಸರಕು ಸೇವಾ ತೆರಿಗೆ ಇಳಿಯಲಿದೆಯೆಂದು ಪ್ರಧಾನಿಯವರು ಕೆಂಪುಕೋಟೆಯಿಂದ ಸಾರಿದ್ದು 2025ರ ಆಗಸ್ಟ್ 15ರಂದು. ಹೊಸ ದರ ಜಾರಿಗೆ ಬಂದದ್ದು ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ. ನಡುವೆ ಗೌರಿ-ಗಣೇಶರ ಹಬ್ಬವೇ ಬಂದುಹೋಯಿತು. ವಿಜಯನಗರದ ನಮ್ಮ ಮನೆಯಲ್ಲಿ ದೊಡ್ಡ ಟಿ.ವಿ.ಯ ಮಾತು ಮುಂದಕ್ಕೆ ಹೋಯಿತು.

ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿದರೆ ಬೆಲೆಯಲ್ಲಿ ಹತ್ತನೆಯ ಒಂದು ಪಾಲು ಉಳಿಯಿತೆಂದೇ ಹಲವರ ಎಣಿಕೆ. ತೆರಿಗೆ ಸೇರಿ 40,000 ರೂಪಾಯಿಯಿದ್ದ ಟಿ.ವಿ.ಯ ಮೂಲಬೆಲೆ 31,250; ಹೊಸ ಬೆಲೆ 36,875. ಉಳಿಯುವುದು 3,125, ನೂರಕ್ಕೆ ಎಂಟೂ ಅಲ್ಲ. ಅಷ್ಟನ್ನು ಅಂಗಡಿಯವರೇ ಚೌಕಾಸಿಯಲ್ಲಿ ಬಿಟ್ಟಾರು. ಆದರೆ ಅವರು ಬಿಟ್ಟರೆ ನಮಗೆ ಅನುಮಾನ, ಸರ್ಕಾರ ಬಿಟ್ಟರೆ ಹಬ್ಬ! ಫ್ರಿಜ್ಜಿಗೆ 2018ರಿಂದಲೇ 18 ಇತ್ತು. ನೆರೆಯವರೊಬ್ಬರು ಅದಕ್ಕೂ ಕಾದರು.

ಈ ಕಾಯುವಿಕೆಯ ಬೆಲೆ ತೆತ್ತವರು ಬೇರೆ. ರಾಜಾಜಿನಗರದ ಒಂದು ಅಂಗಡಿಯಲ್ಲಿ, ಮಾರಿದಷ್ಟಕ್ಕೆ ಕಮಿಷನ್ ಪಡೆಯುವ ಹುಡುಗರು ಐದು ವಾರ ಗಾಜಿನ ಧೂಳು ಒರೆಸುತ್ತ ನಿಂತಿದ್ದುದನ್ನು ಕಂಡೆ. ನವರಾತ್ರಿಯಲ್ಲಿ ಅವರಿಗೆ ಊಟಕ್ಕೂ ಬಿಡುವಿಲ್ಲ.

ಸಾಬೂನಿನ ತೆರಿಗೆ 18ರಿಂದ 5ಕ್ಕೆ, ಇನ್ನೂ ಹೆಚ್ಚು ಇಳಿಯಿತು. ಅದಕ್ಕಾಗಿ ಮೀಯುವುದನ್ನು ಮುಂದೂಡಿದವರುಂಟೆ? ನಂದಿನಿ ತುಪ್ಪವೂ ಅಂದೇ ಲೀಟರಿಗೆ 650ರಿಂದ 610 ರೂಪಾಯಿಗೆ ಇಳಿದಿತ್ತು. ನವೆಂಬರಿನಲ್ಲಿ ಅದು 700 ಆಯಿತು; ಹೋಳಿಗೆಗೆ ಬೇಕಾದವರು ಆಗಲೂ ಕೊಂಡರು.