ಮನೆಯ ಬೆಲೆ ಮತ್ತು ಮಣ್ಣಿನ ಬೆಲೆ
(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರದ ಸಭೆಯಲ್ಲಿ ಮನೆಯ ಬೆಲೆಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. ನಮ್ಮ ಬೆಟ್ಟಗಳ ಹಣೆಬರಹವನ್ನು ಒಂದು ಕಾಲದಲ್ಲಿ ಕೊಡಲಿ ಬರೆಯುತ್ತಿತ್ತು. ಇಂದು ಕ್ರಯಪತ್ರ ಬರೆಯುತ್ತಿದೆ. ಆದ್ದರಿಂದ ಈ ಲೆಕ್ಕವನ್ನು ನಾವೆಲ್ಲರೂ ಕಲಿಯಬೇಕಾಗಿದೆ.

2001ರಲ್ಲಿ ಒಬ್ಬರು 4 ಲಕ್ಷ ರೂಪಾಯಿಯಲ್ಲಿ ಮನೆ ಕಟ್ಟಿಸಿದರೆಂದು ಇಟ್ಟುಕೊಳ್ಳೋಣ. 2024ರಲ್ಲಿ ಅದಕ್ಕೆ 15 ಲಕ್ಷ ಕೊಡುವವರು ಬಂದರೆ ಮನೆಯವರಿಗೆ ಹಿಗ್ಗು ಸಹಜ. ಆದರೆ ಆದಾಯ ತೆರಿಗೆಗಾಗಿ ಸರ್ಕಾರ ಪ್ರಕಟಿಸುವ ವೆಚ್ಚ ಹಣದುಬ್ಬರ ಸೂಚ್ಯಂಕವನ್ನು ನೋಡಿ. 2001-02ರಲ್ಲಿ 100 ಇದ್ದುದು 2024-25ರಲ್ಲಿ 363 ಆಯಿತು. ಈ ಲೆಕ್ಕದಲ್ಲಿ ಅಂದಿನ 4 ಲಕ್ಷ 2024-25ರ 14 ಲಕ್ಷ 52 ಸಾವಿರಕ್ಕೆ ಸಮ. ಈ ಸೂಚ್ಯಂಕವಾದರೂ ಪಟ್ಟಣದ ಗ್ರಾಹಕ ಬೆಲೆಗಳ ಏರಿಕೆಯಲ್ಲಿ ಮುಕ್ಕಾಲು ಪಾಲನ್ನಷ್ಟೇ ಹಿಡಿಯುತ್ತದೆ. ಹಂಚು ಹೊದಿಸಿದ್ದು, ಗೆದ್ದಲು ತಿಂದ ಪಕಾಸಿ ಬದಲಿಸಿದ್ದು, ಸುಣ್ಣಬಣ್ಣ, ಕಂದಾಯ ಇವೆಲ್ಲ ಬೇರೆ. ಹಾಗಾದರೆ ಹೆಚ್ಚಿದ್ದು ಮನೆಯ ಬೆಲೆಯೋ, ಕುಗ್ಗಿದ್ದು ರೂಪಾಯಿಯ ಬೆಲೆಯೋ?

ದೂರದ ಒಂದು ನಿದರ್ಶನವಿದೆ. ನೆದರ್‌ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್ ನಗರದ ಹೇರೆನ್‌ಗ್ರಾಖ್ಟ್ ಕಾಲುವೆಯ ದಂಡೆಯಲ್ಲಿ ಶ್ರೀಮಂತರ ಮನೆಗಳಿವೆ. ಪೀಟ್ ಐಖ್‌ಹೋಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರು 1628ರಿಂದ 1973ರವರೆಗಿನ ಅಲ್ಲಿನ ಕ್ರಯಗಳನ್ನು ಪರಿಶೀಲಿಸಿದರು. ಹಣದುಬ್ಬರ ಕಳೆದು ನೋಡಿದರೆ, ಸುಮಾರು ಮೂರೂವರೆ ಶತಮಾನದಲ್ಲಿ ಆ ಮನೆಗಳ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು, ಅಷ್ಟೇ. ನಡುವೆ ಯುದ್ಧ, ಪ್ಲೇಗುಗಳ ಕಾಲದಲ್ಲಿ ಬೆಲೆ ಬಿದ್ದದ್ದೂ ಉಂಟು. ಮನೆಯ ಬೆಲೆ ಎಂದೆಂದಿಗೂ ಏರುತ್ತಲೇ ಇರುತ್ತದೆಂಬ ನಂಬಿಕೆಗೆ ಇತಿಹಾಸದ ಆಧಾರವಿಲ್ಲ.

ಆದರೂ ನಮ್ಮ ಕಡೆ ಕೆಲವೆಡೆ ಬೆಲೆ ಹಣದುಬ್ಬರವನ್ನೂ ಮೀರಿ ಜಿಗಿದಿದೆಯಲ್ಲ ಎಂದು ಕೇಳಬಹುದು. ನಿಜ. ಆದರೆ ಜಿಗಿದದ್ದು ಗೋಡೆಯ ಬೆಲೆಯಲ್ಲ. ಗೋಡೆ ಪ್ರತಿ ಮಳೆಗಾಲಕ್ಕೂ ಸವೆಯುತ್ತದೆ. ಜಿಗಿದದ್ದು ಅದರ ಕೆಳಗಿನ ಮಣ್ಣಿನ ಬೆಲೆ. ಅದನ್ನು ನಿರ್ಧರಿಸುವುದು ನಮ್ಮ ಅಡಿಕೆ, ಕಾಫಿಯ ವರಮಾನವಲ್ಲ, ನಗರದವರ ಹಣದ ಚೀಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕರ್ನಾಟಕದಲ್ಲಿ 2020ರಲ್ಲಿ ತೆಗೆದುಹಾಕಲಾಯಿತು. ಕೊಳ್ಳುವವರ ಸಾಲು ಉದ್ದವಾಯಿತು.

ಇದರಿಂದ ಲಾಭ ಯಾರಿಗೆ? ಮಾರಿ ಊರು ಬಿಡುವವನಿಗೆ. ಮಾರಿ ಇದೇ ಊರಿನಲ್ಲಿ ಇನ್ನೊಂದು ಮನೆ ಕೊಳ್ಳಹೊರಟವನಿಗೆ ಅದೂ ಅಷ್ಟೇ ದುಬಾರಿ. ಇರುವಲ್ಲೇ ಬಾಳುವವನಿಗೆ ಬೆಲೆ ಏರಿದ್ದರಿಂದ ಒಂದು ಹಿಡಿ ಅಕ್ಕಿಯೂ ಹೆಚ್ಚುವುದಿಲ್ಲ. ಅವನಿಗೆ ಕಷ್ಟ ಬರುವುದು ಪಾಲಿನ ದಿನ. ತೋಟ ನೋಡಿಕೊಂಡು, ತಂದೆತಾಯಿಯರನ್ನು ಸಾಕಿ ಮನೆಯಲ್ಲೇ ಉಳಿದ ಮಗನೋ ಮಗಳೋ, ಪಟ್ಟಣ ಸೇರಿದ ಒಡಹುಟ್ಟಿದವರ ಪಾಲನ್ನು ಪೇಟೆಯ ದರದಲ್ಲಿ ಕೊಡಬೇಕು. ತೋಟದ ಆದಾಯದಿಂದ ಅದು ಹುಟ್ಟುವುದಿಲ್ಲ. ಕೊನೆಗೆ ಯಾರಿಗೂ ಮನಸ್ಸಿಲ್ಲದಿದ್ದರೂ ಮನೆ, ತೋಟ ಎರಡೂ ಮಾರಾಟವಾಗುತ್ತವೆ.

ಆ ಮೇಲಿನ ಕಥೆ ತಮಗೆ ಗೊತ್ತಿದೆ. ದರೆ ಕಡಿದು ಸಮತಟ್ಟು ಮಾಡುತ್ತಾರೆ, ರಸ್ತೆ ಸೀಳುತ್ತಾರೆ, ನೀರಿನ ಹಾದಿ ಮುಚ್ಚುತ್ತಾರೆ. ಬೆಟ್ಟದ ಇಳಿಜಾರು ಎಷ್ಟು, ಅಬ್ಬಿಯ ನೀರು ಎಲ್ಲಿ ಹರಿಯುತ್ತದೆ ಎಂಬುದು ಕ್ರಯಪತ್ರದಲ್ಲಿ ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಹಿಂದಿನ ಸಂಜೆಯವರೆಗೆ ಆ ಮನೆಗಳಿಗೂ ಒಂದು ಬೆಲೆ ಇತ್ತು. ನಗರದ ಪೇಟೆಯಲ್ಲಿ ಬೆಲೆ ಮೆಲ್ಲನೆ ಇಳಿದೀತು. ಬೆಟ್ಟದಲ್ಲಿ ಅದು ಮಣ್ಣಿನೊಡನೆ ಒಂದೇ ರಾತ್ರಿಯಲ್ಲಿ ಇಳಿಯುತ್ತದೆ.

ಮಾರಲೇಬಾರದೆಂದು ನಾನು ಹೇಳುತ್ತಿಲ್ಲ. ಮಗಳ ಓದು, ಆಸ್ಪತ್ರೆಯ ಖರ್ಚು ಯಾರನ್ನೂ ಬಿಟ್ಟಿಲ್ಲ. ಆದರೆ ಮೂರು ಮಾತು ನೆನಪಿರಲಿ. ಬೆಲೆ ಕೇಳಿದಾಗ ಮೊದಲು ಹಣದುಬ್ಬರ ಕಳೆದು ಲೆಕ್ಕ ಹಾಕಿ. ಪಾಲಿನ ಹೊತ್ತಿನಲ್ಲಿ, ಒಡಹುಟ್ಟಿದವರು ಒಪ್ಪುವುದಾದರೆ, ಭೂಮಿ ದುಡಿಯಬಲ್ಲಷ್ಟಕ್ಕೆ ಬೆಲೆ ಕಟ್ಟಿ, ಕಂತುಗಳಲ್ಲಿ ತೀರಿಸುವಂತೆ ಬರೆದುಕೊಳ್ಳಿ. ದರೆ ಕಡಿಯುವ ಕೆಲಸ ಊರಿನಲ್ಲಿ ಶುರುವಾದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಮೇಲಿನವರ ಮಣ್ಣು ಜಾರಿದರೆ ಬೀಳುವುದು ಕೆಳಗಿನವರ ಮನೆಯ ಮೇಲೆ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ತಮ್ಮ ಮನೆ ಕಟ್ಟಿದ ವರ್ಷ, ತಗುಲಿದ ಖರ್ಚು, ಅಂದಿನ ಕೂಲಿ ಮತ್ತು ಅಕ್ಕಿಯ ದರವನ್ನು ಹಿರಿಯರಿಂದ ಕೇಳಿ ಬರೆದಿಡಿ. ಪಕ್ಕದಲ್ಲಿ ಮನೆಯ ಹಿಂದಿನ ದರೆಯ ಎತ್ತರವನ್ನೂ ಬರೆಯಿರಿ. ಆ ಎರಡು ಲೆಕ್ಕಗಳನ್ನು ಒಟ್ಟಿಗೆ ಓದಬಲ್ಲವರು ತಮ್ಮ ಊರನ್ನು ಅಗ್ಗಕ್ಕೆ ಮಾರಲಾರರು.