ಒಂದೇ ಕಡೆ ಬರೆದ ಲೆಕ್ಕ



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಿಂದ ಬಂದಿರುವ ತಮ್ಮೆದುರು ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ.

ಒಂಬತ್ತನೆಯ ಇಯತ್ತೆಯ ಫಲಿತಾಂಶಕ್ಕಾಗಿ ಪೈಥಾನ್ ಭಾಷೆಯಲ್ಲಿ ಮೂರು ಕಡತಗಳನ್ನು ಬರೆದಿದ್ದೆ: ಕನ್ನಡಕ್ಕೊಂದು, ಗಣಿತಕ್ಕೊಂದು, ವಿಜ್ಞಾನಕ್ಕೊಂದು. ಎರಡು ಸತ್ರಗಳ ಅಂಕಗಳ ಸರಾಸರಿಯನ್ನು ಪೂರ್ಣಾಂಕಕ್ಕೆ ತರುವ ಫಂಕ್ಷನ್ನನ್ನು ಮೊದಲನೆಯದರಲ್ಲಿ ಬರೆದು, ಉಳಿದೆರಡಕ್ಕೆ ನಕಲು ಮಾಡಿದ್ದೆ. ಕನ್ನಡದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಒಂದು ಸತ್ರದಲ್ಲಿ 34, ಇನ್ನೊಂದರಲ್ಲಿ 35, ಸರಾಸರಿ 34.5. ನಮ್ಮ ರೂಢಿಯಲ್ಲಿ ಅದು 35, ಅಂದರೆ ಉತ್ತೀರ್ಣ. ಪೈಥಾನಿನ ‘ರೌಂಡ್’ ಕೊಟ್ಟದ್ದು 34. ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಅದು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ, 35.5 ಇದ್ದರೆ 36 ಆಗುತ್ತಿತ್ತು. ಇದು ದೋಷವಲ್ಲ, ಬೇರೊಂದು ನಿಯಮ. 0.5 ಕೂಡಿಸಿ ದಶಮಾಂಶವನ್ನು ಬಿಡುವಂತೆ ಆ ಕಡತವನ್ನು ತಿದ್ದಿದೆ. ಉಳಿದೆರಡನ್ನು ಮರೆತೆ. ಗಣಿತದಲ್ಲಿ ಇನ್ನೊಬ್ಬ ಹುಡುಗ ಅನುತ್ತೀರ್ಣನೆಂದೇ ಪಟ್ಟಿ ಗೋಡೆಗೇರಿತು. ಅವನ ತಂದೆ ಮಗ್ಗದ ಪಾಳಿ ಬಿಟ್ಟು ಬಂದು, ಬೆರಳೆಣಿಸಿ ಕೂಡಿಸಿ ತೋರಿಸಿದ ಮೇಲೆಯೇ ನನ್ನ ಕಣ್ಣು ತೆರೆದದ್ದು.

ಆ ಫಂಕ್ಷನ್ನನ್ನು ಈಗ ‘ಅಂಕ’ ಎಂಬ ಒಂದೇ ಕಡತದಲ್ಲಿ ಇಟ್ಟಿದ್ದೇನೆ. ಅದೇ ಫೋಲ್ಡರಿನಲ್ಲಿರುವ ಮೂರೂ ಕಡತಗಳ ಮೊದಲ ಸಾಲು: ‘ಫ್ರಮ್ ಅಂಕ ಇಂಪೋರ್ಟ್ ಸರಾಸರಿ’. 2008ರ ಪೈಥಾನ್ 3ರಿಂದ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು. ‘ಫ್ರಮ್’, ‘ಇಂಪೋರ್ಟ್’ಗಳನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ಟೈಪಿಸಬೇಕು. ನಮ್ಮ ಮಕ್ಕಳಿಗೆ ‘ಸರಾಸರಿ’ ಎಂಬ ಹೆಸರೇ ಅರ್ಧ ಪಾಠ ಹೇಳುತ್ತದೆ.

ಎರಡು ಎಡವುಗಲ್ಲುಗಳಿವೆ. ಇಂಪೋರ್ಟ್ ಮಾಡಿದಾಗ ‘ಅಂಕ’ ಕಡತವು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನಡೆಯುತ್ತದೆ; ಆದುದರಿಂದ ಪರೀಕ್ಷಿಸಲು ಕೆಳಗೆ ಬರೆದಿಟ್ಟ ಪ್ರಿಂಟ್ ಸಾಲುಗಳೂ ಫಲಿತಾಂಶದೊಳಗೆ ಬಂದು ಕೂರುತ್ತವೆ. ಅವುಗಳನ್ನು, ಎರಡೂ ಬದಿ ಜೋಡಿ ಅಡಿಗೆರೆಯುಳ್ಳ ‘ನೇಮ್’ ಎಂಬುದು ಹಾಗೆಯೇ ಬರೆದ ‘ಮೇನ್’ಗೆ ಸಮವಾಗಿದ್ದರೆ ಮಾತ್ರ ನಡೆಯಲಿ ಎಂಬ ಷರತ್ತಿನ ಅಡಿಯಲ್ಲಿಡಬೇಕು. ಇನ್ನೊಂದು: ಪೈಥಾನ್ ತೆರೆದಿರುವಾಗಲೇ ‘ಅಂಕ’ವನ್ನು ತಿದ್ದಿ ಮತ್ತೆ ಇಂಪೋರ್ಟ್ ಎಂದರೆ ಹಳೆಯ ಫಂಕ್ಷನ್ನೇ ಉಳಿಯುತ್ತದೆ. ಮುಚ್ಚಿ ತೆರೆಯಬೇಕು. ತಿದ್ದಿದ್ದೇನೆ, ಆದರೂ ತಪ್ಪೇ ಬರುತ್ತಿದೆ ಎಂದು ಮಕ್ಕಳು ಅಳುವುದು ಹೆಚ್ಚಾಗಿ ಇಲ್ಲಿಯೇ.

ಈಗ ತಮ್ಮ ಗಣಕಗಳನ್ನು ತೆರೆಯಿರಿ. ‘ಅಂಕ’ ಕಡತವನ್ನು ಬರೆದು ಮೊದಲು 34 ಮತ್ತು 35ನ್ನು ಕೊಡಿರಿ. ಉತ್ತರ 34 ಬಂದವರು ಕೈ ಎತ್ತಿರಿ.