ಚಪ್ಪಾಳೆಯಿಂದ ಅಕ್ಕಿ ಬರಲ್ಲ



ಇವತ್ತು ರಾಜಕೀಯ ಬೇಡ. ಒಂದು ಡೋಲಿನ ಕಥೆ ಹೇಳ್ತೀನಿ. ನಮ್ಮೂರಿನ ಡೋಲಲ್ಲ, ಜಪಾನಿನದು. ಹೆಸರು ತೈಕೊ.

ಜಪಾನಿನ ಪಶ್ಚಿಮ ಕರಾವಳಿಯಾಚೆ ಸಾದೊ ಅಂತ ಒಂದು ದ್ವೀಪ ಇದೆ. ಒಂದು ಕಾಲದಲ್ಲಿ ಚಕ್ರವರ್ತಿಯನ್ನೂ, ನಾಟಕಕಾರನನ್ನೂ, ಸನ್ಯಾಸಿಯನ್ನೂ ಗಡಿಪಾರು ಮಾಡಿ ಕಳಿಸ್ತಿದ್ದ ಜಾಗ ಅದು. ಆ ದ್ವೀಪದಲ್ಲಿರುವ ತಂಡದ ಹೆಸರು ಕೊದೊ. ಆ ಪದಕ್ಕೆ ಎರಡು ಅರ್ಥ. ಒಂದು, ಎದೆಬಡಿತ. ಬರೆಯುವ ಅಕ್ಷರ ಬದಲಿಸಿದರೆ ಇನ್ನೊಂದು, ಡೋಲಿನ ಮಕ್ಕಳು. 1981ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕೊಟ್ಟ ತಂಡ, ಆಮೇಲೆ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಬಾರಿಸಿತು.

ಈ ತಂಡ ಸೇರೋದು ಸುಲಭ ಅಂದ್ಕೊಂಡ್ರಾ? ಎರಡು ವರ್ಷ ಹಳೆಯ ಶಾಲೆಯ ಕಟ್ಟಡವೊಂದರಲ್ಲಿ ವಾಸ. ಟಿವಿ ಇಲ್ಲ, ಮೊಬೈಲ್ ಇಲ್ಲ. ಬೆಳಗಾಗೆದ್ದು ಓಟ. ಅಡುಗೆ ತಾವೇ ಮಾಡ್ಬೇಕು, ಗದ್ದೆಗೂ ಇಳೀಬೇಕು. ಅದರ ಜೊತೆಗೆ ಡೋಲಿನ ಅಭ್ಯಾಸ. ಇಷ್ಟೆಲ್ಲಾ ಮಾಡಿದ ಮೇಲೂ ತಂಡಕ್ಕೆ ತಗೊಳ್ತಾರೆ ಅನ್ನೋ ಖಾತ್ರಿ ಇಲ್ಲ. ಇನ್ನು ದೊಡ್ಡ ತೈಕೊ ಬಗ್ಗೆ ಕೇಳಿ. ಇಡೀ ಮರದ ಕಾಂಡವನ್ನು ಕೊರೆದು ಮಾಡೋದು. ಎರಡೂ ಕಡೆ ದನದ ಚರ್ಮ. ತೂಕ ಸುಮಾರು 400 ಕಿಲೋ!

ಇಂಥ ತಂಡಕ್ಕೆ 2020ರಲ್ಲಿ ಏನಾಯ್ತು? ನಮಗೆಲ್ಲಾ ಆಗಿದ್ದೇ ಆಯ್ತು. ಕೊರೊನಾ ಬಂತು, ರಂಗಮಂದಿರಗಳಿಗೆ ಬೀಗ ಬಿತ್ತು, ವಿಮಾನ ನಿಂತಿತು. ವರ್ಷದ ಬಹುಪಾಲು ಊರೂರು ಸುತ್ತಿ ದುಡಿಯೋ ತಂಡ ದ್ವೀಪದಲ್ಲೇ ಕೂತಿತು. ಟಿಕೆಟ್ ಹಣ ನಿಂತರೆ ಹೊಟ್ಟೆ ನಿಲ್ಲುತ್ತಾ? ಅಭ್ಯಾಸ ನಿಲ್ಲಿಸೋಕಾಗಲ್ಲ, ಕೈ ಜಡ್ಡುಗಟ್ಟುತ್ತೆ. ಡೋಲನ್ನು ಮೂಲೆಗೆ ಹಾಕೋಕಾಗಲ್ಲ, ಚರ್ಮ ಹಾಳಾಗುತ್ತೆ. ಕಲಿಯೋಕೆ ಬಂದ ಹುಡುಗರಿಗೆ ಊಟ ಹಾಕಲೇಬೇಕು. ಕಾರ್ಯಕ್ರಮ ರದ್ದಾಯ್ತು ಅಂತ ನಾವು ಒಂದು ಸಾಲಿನ ಸುದ್ದಿ ಓದ್ತೀವಲ್ಲ, ಆ ಸಾಲಿನ ಹಿಂದೆ ಇಷ್ಟೆಲ್ಲಾ ಇರುತ್ತೆ.

ಸಾದೊ ದ್ವೀಪದಲ್ಲಿ 1988ರಿಂದ ಈ ತಂಡ ಅರ್ಥ್ ಸೆಲೆಬ್ರೇಷನ್ ಅನ್ನೋ ಹಬ್ಬ ಮಾಡ್ತಾ ಬಂದಿದೆ. ಬೇಸಿಗೆಯಲ್ಲಿ ಜನ ಹಡಗು ಹತ್ತಿ ಬರ್ತಾರೆ. ಹೋಟೆಲಿನವರಿಗೆ, ಅಂಗಡಿಯವರಿಗೆ ಅದು ಸುಗ್ಗಿ. 2020ರಲ್ಲಿ ಆ ಹಬ್ಬ ಆನ್‌ಲೈನ್‌ಗೆ ಹೋಯ್ತು. ಜನ ಮನೆಯಲ್ಲೇ ಕೂತು ನೋಡಿದರು.

ಆನ್‌ಲೈನ್ ಅಂದ್ರೆ ಸಲೀಸು, ಕ್ಯಾಮೆರಾ ಇಟ್ಟರೆ ಮುಗೀತು ಅಂತ ನಾವು ತಿಳ್ಕೊಂಡಿದ್ದೀವಿ. ಟಿವಿಯವನಾಗಿ ಹೇಳ್ತೀನಿ ಕೇಳಿ, ಡೋಲಿಗೂ ಇಂಟರ್ನೆಟ್ಟಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಹತ್ತು ಜನ ಹತ್ತು ಮನೆಯಲ್ಲಿ ಕೂತು ವೀಡಿಯೊ ಕಾಲ್‌ನಲ್ಲಿ ಒಟ್ಟಿಗೆ ಬಾರಿಸೋಕಾಗಲ್ಲ. ಒಬ್ಬನ ಪೆಟ್ಟು ಇನ್ನೊಬ್ಬನಿಗೆ ತಲುಪೋಷ್ಟರಲ್ಲಿ ಕಣ್ಣು ಮಿಟುಕಿಸೋ ಹೊತ್ತು ಕಳೆದಿರುತ್ತೆ, ತಾಳ ತಪ್ಪುತ್ತೆ. ಗದ್ದಲ ಅಳಿಸೋಕೆ ಅಂತ ಆ ಆ್ಯಪ್‌ಗಳಲ್ಲಿ ಒಂದು ವ್ಯವಸ್ಥೆ ಇರುತ್ತಲ್ಲ, ಅದು ಡೋಲಿನ ಪೆಟ್ಟನ್ನೇ ಗದ್ದಲ ಅಂದ್ಕೊಂಡು ಅಳಿಸಿಬಿಡುತ್ತೆ! ಇನ್ನು ನಿಮ್ಮ ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲಿ ಆ ಗಂಭೀರ ನಾದ ಬರೋದೇ ಇಲ್ಲ. 400 ಕಿಲೋ ಡೋಲು ತಗಡಿನ ಡಬ್ಬಿ ಥರ ಕೇಳಿಸುತ್ತೆ. ಎದುರಿಗೆ ಕೂತಾಗ ಕಿವಿಗಿಂತ ಮೊದಲು ಎದೆಗೆ ಬಡಿಯೋ ಸದ್ದು ಅದು.

ಹಾಗಾದ್ರೆ ಆನ್‌ಲೈನ್ ಪ್ರದರ್ಶನ ದಂಡವಾ? ಅಲ್ಲ. ಅದು ಊಟ ಅಲ್ಲ, ಹಸಿವು ತಡೆಯೋ ಗಂಜಿ. ನಾವಿನ್ನೂ ಇದ್ದೀವಿ, ಕಾಯ್ತಾ ಇರಿ ಅಂತ ಕಲಾವಿದ ಹೇಳೋ ಮಾತು. ಸರಿ, ನೀವೂ ಇರಿ, ನಾವೂ ಇದ್ದೀವಿ ಅಂತ ಪ್ರೇಕ್ಷಕ ಹೇಗೆ ಹೇಳ್ಬೇಕು? ಲೈಕ್ ಒತ್ತಿಯಾ?

ಜಪಾನೀ ಭಾಷೆಯಲ್ಲಿ ನಾಗೆಸೆನ್ ಅಂತ ಒಂದು ಪದ ಇದೆ. ಎಸೆದ ನಾಣ್ಯ ಅಂತ ಅರ್ಥ. ಬೀದಿ ಕಲಾವಿದನ ಮುಂದೆ ಜನ ಕಾಸು ಎಸೀತಿದ್ರು. ನಾಟಕದಲ್ಲಿ ಕಾಗದದಲ್ಲಿ ಸುತ್ತಿ ರಂಗದ ಮೇಲೆ ಎಸೀತಿದ್ರು. ಇವತ್ತು ಆನ್‌ಲೈನ್ ಪ್ರದರ್ಶನ ನೋಡ್ತಾ ಬಟನ್ ಒತ್ತಿ ಹಣ ಕಳಿಸೋದಕ್ಕೂ ಅದೇ ಹೆಸರು. ನೋಡಿ, ಸಾಧನ ಬದಲಾಯ್ತು, ಋಣ ತೀರಿಸೋ ರೀತಿ ಬದಲಾಗಲಿಲ್ಲ. ನಮ್ಮ ಜಾತ್ರೆಯಲ್ಲಿ ಡೊಳ್ಳಿನವನ ಅಂಗಿಗೆ ನೋಟು ಸಿಕ್ಕಿಸೋದೂ ಇದೇ ಅಲ್ವಾ?

ಆದರೆ ಒಂದು ದಿನದ ನೋಟು ಒಂದು ದಿನಕ್ಕಷ್ಟೇ. ಅದಕ್ಕೇ ಕೊದೊಗೆ ಅಭಿಮಾನಿಗಳ ಸದಸ್ಯತ್ವ ಇದೆ. 1997ರಲ್ಲಿ ಕಟ್ಟಿದ ಒಂದು ಸಾಂಸ್ಕೃತಿಕ ಪ್ರತಿಷ್ಠಾನವೂ ಇದೆ. ಮೊತ್ತ ಸಣ್ಣದಿರಲಿ, ತಪ್ಪದೆ ಬರಲಿ. ಬರುತ್ತೆ ಅನ್ನೋ ಭರವಸೆ ಇದ್ರೆ ಮುಂದಿನ ವರ್ಷ ಹೊಸ ಹುಡುಗರನ್ನು ಸೇರಿಸಿಕೊಳ್ಳೋ ಧೈರ್ಯ ಬರುತ್ತೆ. ಒಮ್ಮೆ ಲಕ್ಷ ಕೊಟ್ಟು ಫೋಟೊ ತೆಗೆಸಿಕೊಳ್ಳೋರಿಗಿಂತ ತಿಂಗಳಿಗೆ ನೂರು ಕೊಡೋರು ಹತ್ತು ಜನ ಮೇಲು ಅಂತೀನಿ ನಾನು.

ಡೋಲಿಗೆ ಇನ್ನೊಂದು ಮುಖ ಇದೆ, ಅದನ್ನೂ ಹೇಳ್ಬೇಕು. ಒಸಾಕಾ ನಗರದಲ್ಲಿ ನಾನಿವಾ ಅಂತ ಒಂದು ಭಾಗ. ಅಲ್ಲಿ ತಲೆತಲಾಂತರದಿಂದ ತೈಕೊ ತಯಾರಿಸೋರು ಇದ್ದರು. ಚರ್ಮ ಮುಟ್ಟೋರು ಅಂತ ಸಮಾಜ ಅವರನ್ನು ದೂರ ಇಟ್ಟಿತ್ತು. ಅವರು ಮಾಡಿದ ಡೋಲು ದೇವಸ್ಥಾನಕ್ಕೆ ಬೇಕು, ಹಬ್ಬಕ್ಕೆ ಬೇಕು. ಅವರು ಮಾತ್ರ ಬೇಡ! 1987ರಲ್ಲಿ ಅಲ್ಲಿನ ಯುವಕರು ತಾವೇ ಡೋಲು ಹಿಡಿದರು. ತಂಡಕ್ಕೆ ಇಟ್ಟ ಹೆಸರು ಇಕಾರಿ. ಅಂದರೆ, ಸಿಟ್ಟು.

ಎಲ್ಲೋ ಕೇಳಿದ ಕಥೆ ಅನಿಸ್ತಾ ಇದೆಯಾ? ನಮ್ಮ ತಮಟೆ, ನಮ್ಮ ಹಲಗೆಯ ಕಥೆಯೂ ಇದೇ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಅದೇ ತಮಟೆ ಹಿಡಿದ ಉಳಿದ ಕೈಗಳಿಗೆ ಮೆರವಣಿಗೆ ಮುಗಿದ ಮೇಲೆ ಏನು ಸಿಗುತ್ತೆ? ಯಾರಾದ್ರೂ ಕೇಳಿದ್ದೀವಾ?

ತಪ್ಪು ನಮ್ಮದೂ ಇದೆ. ದಸರಾ ಮೆರವಣಿಗೆ ಬಂದರೆ ಡೊಳ್ಳಿನವರನ್ನು ಹತ್ತು ಸೆಕೆಂಡ್ ತೋರಿಸ್ತೀವಿ, ಆ ಹತ್ತು ಸೆಕೆಂಡಿನಲ್ಲೂ ಡೊಳ್ಳಿನ ಸದ್ದು ತಗ್ಗಿಸಿ ನನ್ನ ಮಾತು ಹಾಕ್ತೀವಿ. ಅವರ ಹೆಸರು ಪರದೆ ಮೇಲೆ ಬರಲ್ಲ. ಹೆಸರೇ ಗೊತ್ತಿಲ್ಲದವರಿಗೆ ನೀವು ಹಣ ಕಳಿಸೋದಾದ್ರೂ ಹೇಗೆ?

ಕಲಾವಿದನಿಗೆ ಕೊಡೋದು ಭಿಕ್ಷೆ ಅಲ್ಲ, ಕೂಲಿ. ಪುಕ್ಕಟೆ ನೋಡಿದ ವೀಡಿಯೊ ಪುಕ್ಕಟೆ ತಯಾರಾಗಿರಲ್ಲ. ಚಪ್ಪಾಳೆ ತಟ್ಟಿ, ಬೇಡ ಅನ್ನಲ್ಲ. ಆದರೆ ಚಪ್ಪಾಳೆಯಿಂದ ಅಕ್ಕಿ ಬರಲ್ಲ. ನಿಮಗೆ ಇಷ್ಟವಾದ ಕಲೆ ಜಪಾನಿನದೇ ಆಗಲಿ, ಪಕ್ಕದ ಬೀದಿಯದೇ ಆಗಲಿ, ಮುಂದಿನ ಸಲ ಹಂಚಿಕೊಳ್ಳೋ ಮೊದಲು ಒಂದು ಟಿಕೆಟ್ ಕೊಳ್ಳಿ.

ಡೋಲು ತಾನಾಗಿ ಸದ್ದು ಮಾಡಲ್ಲ. ಬಾರಿಸೋ ಕೈ ಬೇಕು, ಆ ಕೈಗೆ ಅನ್ನ ಬೇಕು. ಯೋಚನೆ ಮಾಡಿ.